ಗಣಕದ ಕಣ್ಣಿಗೆ ಬೀಳದ ಬೆಂಗೇರಿ: ಕೋಷ್ಟಕಗಳ ನಡುವೆ ಒಂದು ಪದವನ್ನು ಹುಡುಕುವ ಬಗೆ

ಬೆಂಗೇರಿ (ಹುಬ್ಬಳ್ಳಿ): ಹುಬ್ಬಳ್ಳಿಗೆ ಬಂದಿಳಿದವರಿಗೆ ಬೆಂಗೇರಿಯನ್ನು ಹುಡುಕುವುದು ಕಷ್ಟವಲ್ಲ. ರಾಷ್ಟ್ರಧ್ವಜ ಸಿದ್ಧವಾಗುವ ಜಾಗ ಎಂದರೆ ಸಾಕು, ಆಟೋದವರು ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬಾಗಿಲಿಗೆ ತಂದು ನಿಲ್ಲಿಸುತ್ತಾರೆ. ಆದರೆ ಇದೇ ಬೆಂಗೇರಿಯನ್ನು ಗಣಕಯಂತ್ರದ ದತ್ತಸಂಚಯದೊಳಗೆ ಹುಡುಕಹೊರಟವರು ಬರಿಗೈಯಲ್ಲಿ ಮರಳುವುದುಂಟು. ಊರು ಅಲ್ಲಿಯೇ ಇರುತ್ತದೆ, ಹೆಸರೂ ಅಲ್ಲಿಯೇ ದಾಖಲಾಗಿರುತ್ತದೆ. ಆದರೂ ಪರದೆಯ ಮೇಲೆ 'ಯಾವುದೇ ದಾಖಲೆ ದೊರೆತಿಲ್ಲ' ಎಂಬ ಒಂದು ಸಾಲು ಮಾತ್ರ ಮೂಡುತ್ತದೆ.

ಈ ಒಂದು ಸಾಲಿನ ಬೆಲೆ ಎಷ್ಟೆಂಬುದು ಸರ್ಕಾರಿ ಕಚೇರಿಗಳ ಕಿಟಕಿಯ ಮುಂದೆ ನಿಂತವರಿಗೆ ಗೊತ್ತು. "ಅಜ್ಜಾರ, ಕಂಪ್ಯೂಟರ್‌ದಾಗ ನಿಮ್ಮ ಹೆಸರು ಇಲ್ಲರಿ" ಎಂಬ ಮಾತು ನಮ್ಮ ಭಾಗದಲ್ಲಿ ಎಷ್ಟು ಸಲ ಕೇಳಿಬರುತ್ತದೆಯೋ ಲೆಕ್ಕವಿಲ್ಲ. ಆ ಮಾತನ್ನು ಆಡುವ ಸಿಬ್ಬಂದಿ ಸುಳ್ಳು ಹೇಳುತ್ತಿಲ್ಲ. ಅವರು ಹೆಸರನ್ನು ಬೆರಳಚ್ಚಿಸಿದ್ದಾರೆ, ಯಂತ್ರ ಇಲ್ಲವೆಂದಿದೆ. ಯಂತ್ರ ಹೇಳಿದ್ದು 'ನೀವು ಕೊಟ್ಟ ಅಕ್ಷರಗಳ ಸಾಲು ನೀವು ತೋರಿಸಿದ ಜಾಗದಲ್ಲಿ ನನಗೆ ಸಿಗಲಿಲ್ಲ' ಎಂದಷ್ಟೇ. ನಾವು ಅದನ್ನು 'ಇಲ್ಲವೇ ಇಲ್ಲ' ಎಂದು ಅರ್ಥೈಸಿಕೊಳ್ಳುತ್ತೇವೆ. ಇವೆರಡರ ನಡುವಿನ ಅಂತರದಲ್ಲಿ ಒಬ್ಬರ ಉತಾರ, ಇನ್ನೊಬ್ಬರ ಪಿಂಚಣಿ, ಮತ್ತೊಬ್ಬರ ಬೆಳೆ ಪರಿಹಾರ ಸಿಕ್ಕಿಹಾಕಿಕೊಂಡಿರಬಹುದು. ಈ ಅಂತರ ಹೇಗೆ ಹುಟ್ಟುತ್ತದೆ, ಅದನ್ನು ದಾಟಲು ಇರುವ ಸಾಧನಗಳಾವುವು ಎಂಬುದನ್ನು ಬೆಂಗೇರಿ ಎಂಬ ಒಂದೇ ಪದವನ್ನು ಮುಂದಿಟ್ಟುಕೊಂಡು ನೋಡೋಣ.

ಒಂದು ಹೆಸರು, ಏಳು ಅಂಕೆಗಳು

ಗಣಕಕ್ಕೆ ಅಕ್ಷರ ತಿಳಿಯದು, ಅಂಕೆ ಮಾತ್ರ ತಿಳಿಯುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಕ್ರಮಸಂಖ್ಯೆ ಕೊಟ್ಟಿರುವ ಯೂನಿಕೋಡ್ ಪದ್ಧತಿಯಲ್ಲಿ 'ಬೆಂಗೇರಿ' ಎಂದರೆ ಏಳು ಅಂಕೆಗಳ ಸಾಲು: 3244, 3270, 3202, 3223, 3271, 3248, 3263. ಮೊದಲನೆಯದು 'ಬ', ಎರಡನೆಯದು ಎತ್ವದ ಗುಣಿತ ಚಿಹ್ನೆ, ಮೂರನೆಯದು ಅನುಸ್ವಾರ, ನಾಲ್ಕನೆಯದು 'ಗ', ಐದನೆಯದು ಏತ್ವದ ಚಿಹ್ನೆ, ಆರನೆಯದು 'ರ', ಕೊನೆಯದು ಗುಡಿಸು. ನಾವು ಹುಡುಕು ಎಂದಾಗ ಯಂತ್ರ ಈ ಏಳು ಅಂಕೆಗಳು ಇದೇ ಕ್ರಮದಲ್ಲಿ ಎಲ್ಲಿವೆ ಎಂದು ನೋಡುತ್ತದೆ. ಒಂದು ಅಂಕೆ ಬದಲಾದರೂ ಅದಕ್ಕೆ ಅದು ಬೇರೆಯೇ ಪದ.

ಈಗ ಇಲ್ಲಿರುವ ಎರಡು ಪದಗಳನ್ನು ಗಮನಿಸಿ: ಬೆಂಗೇರಿ, ಬೆ೦ಗೇರಿ. ಓದುಗರ ಕಣ್ಣಿಗೆ ವ್ಯತ್ಯಾಸ ಕಾಣಲಿಕ್ಕಿಲ್ಲ. ಆದರೆ ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕೂತಿರುವುದು ಕನ್ನಡದ ಸೊನ್ನೆ. ಅನುಸ್ವಾರದ ಸಂಖ್ಯೆ 3202, ಸೊನ್ನೆಯ ಸಂಖ್ಯೆ 3302. ನೂರರ ವ್ಯತ್ಯಾಸ. ಹಳೆಯ ಇಂಗ್ಲಿಷ್ ಬೆರಳಚ್ಚು ಯಂತ್ರಗಳಲ್ಲಿ ಒಂದರ ಅಂಕಿಗೆ ಕೀಲಿಯೇ ಇಲ್ಲದೆ ಸಣ್ಣ 'ಎಲ್' ಅಕ್ಷರವನ್ನು ಬಳಸುತ್ತಿದ್ದರಲ್ಲ, ಇದೂ ಅಂಥದೇ. ಕಾಗದದ ಮೇಲೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ, ಏಕೆಂದರೆ ಓದುವುದು ಮನುಷ್ಯನ ಕಣ್ಣು. ಅನುಸ್ವಾರಕ್ಕೆ ಸೊನ್ನೆ ಒತ್ತುವ ಅಭ್ಯಾಸ ಕನ್ನಡ ಬೆರಳಚ್ಚಿನಲ್ಲಿ ಬಲು ವ್ಯಾಪಕ. ಅಂತರ್ಜಾಲದ ಕನ್ನಡ ಪುಟಗಳಲ್ಲಿ ಇಂದಿಗೂ ಧಾರಾಳವಾಗಿ ಕಾಣಸಿಗುತ್ತದೆ. ಕನ್ನಡದಲ್ಲಿ ಅನುಸ್ವಾರವಿಲ್ಲದ ಊರು, ಅನುಸ್ವಾರವಿಲ್ಲದ ಮನೆತನ ಎಷ್ಟಿವೆ? ಶಂಕರಪ್ಪ, ಗಂಗವ್ವ, ನಿಂಗಪ್ಪ, ಸಂಗಮೇಶ, ಹನುಮಂತಪ್ಪ ಎಲ್ಲರೂ ಈ ಸೊನ್ನೆಯ ಬಾಯಿಗೆ ಬೀಳಬಲ್ಲವರೇ.

ಎರಡನೆಯ ತೊಡಕು ಇನ್ನಷ್ಟು ಸೂಕ್ಷ್ಮ. 'ಗೇ' ಅಕ್ಷರದಲ್ಲಿರುವ ಏತ್ವವನ್ನು 3271 ಎಂಬ ಒಂದೇ ಅಂಕೆಯಾಗಿ ಬರೆಯಬಹುದು. ಎತ್ವದ 3270 ಮತ್ತು ದೀರ್ಘದ ಚಿಹ್ನೆ 3285 ಎಂಬ ಎರಡು ಅಂಕೆಗಳಾಗಿಯೂ ಬರೆಯಬಹುದು. ಎರಡೂ ಸಮಾನ ಎಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಆದರೆ ಅಂಕೆ ಅಂಕೆಯನ್ನು ಹೋಲಿಸುವ ಹುಡುಕಾಟಕ್ಕೆ ಆ ನಿಯಮದ ಅರಿವಿಲ್ಲ. 'ಓ' ಸ್ವರದ ಗುಣಿತದ್ದಂತೂ ಮೂರು ಬಗೆ: ಒಂದೇ ಅಂಕೆ, ಎರಡು ಅಂಕೆ, ಮೂರು ಅಂಕೆ. ಮೂರೂ ಪರದೆಯ ಮೇಲೆ ತದ್ರೂಪು. ಇವುಗಳನ್ನೆಲ್ಲ ಒಂದೇ ರೂಪಕ್ಕೆ ತರುವ ಕ್ರಿಯೆಗೆ ನಾರ್ಮಲೈಸೇಷನ್ ಎಂದು ಹೆಸರು. ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಒಂದೇ ಸಾಲಿನಲ್ಲಿ ಮಾಡಬಹುದಾದ ಕೆಲಸವಿದು. ಮಾಡಬೇಕೆಂದು ನೆನಪಾಗುವುದು ಮಾತ್ರ ದತ್ತಾಂಶ ಕೆಟ್ಟ ಮೇಲೆ.

ಇನ್ನು ಕಣ್ಣಿಗೆ ಕಾಣದೆಯೇ ಜಾಗ ಹಿಡಿಯುವ ಅಕ್ಷರಗಳೂ ಇವೆ. 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು 'ಜ್' ಆದ ಮೇಲೆ 8204 ಎಂಬ ಅಗೋಚರ ಅಂಕೆಯೊಂದನ್ನು ಸೇರಿಸಬೇಕಾಗುತ್ತದೆ. ಸೇರಿಸದಿದ್ದರೆ 'ರಾಜ್ಕುಮಾರ್' ಎಂದು ಒತ್ತಕ್ಷರವಾಗಿ ಕೂಡುತ್ತದೆ. ಒಬ್ಬರು ಸೇರಿಸಿ ದಾಖಲಿಸಿ, ಇನ್ನೊಬ್ಬರು ಸೇರಿಸದೆ ಹುಡುಕಿದರೆ ಫಲಿತಾಂಶ ಶೂನ್ಯ.

ಕೋಷ್ಟಕಗಳ ಕಾಡು

ಇಷ್ಟೇ ಆಗಿದ್ದರೆ ಒಂದು ಕಡತದಲ್ಲಿ ನಾಲ್ಕು ಬಗೆಯಲ್ಲಿ ಹುಡುಕಿ ಮುಗಿಸಬಹುದಿತ್ತು. ಆದರೆ ದತ್ತಸಂಚಯದಲ್ಲಿ ಮಾಹಿತಿ ಒಂದೇ ಕಡೆ ಇರುವುದಿಲ್ಲ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು ಮಂಡಿಸಿದ ಸಂಬಂಧಾತ್ಮಕ ಮಾದರಿಯೇ ಇಂದಿನ ಬಹುಪಾಲು ದತ್ತಸಂಚಯಗಳ ಅಡಿಪಾಯ. ಒಂದೇ ಸಂಗತಿಯನ್ನು ಹತ್ತು ಕಡೆ ಬರೆಯಬೇಡ, ಒಂದು ಕೋಷ್ಟಕದಲ್ಲಿ ಒಮ್ಮೆ ಬರೆದು ಉಳಿದೆಡೆಗಳಲ್ಲಿ ಅದರ ಸಂಖ್ಯೆಯನ್ನಷ್ಟೇ ನಮೂದಿಸು ಎಂಬುದು ಅದರ ಸಾರ.

ಬೆಂಗೇರಿಯ ಧ್ವಜ ತಯಾರಿಕೆಯಂಥ ಒಂದು ಘಟಕದ ಲೆಕ್ಕಪತ್ರವನ್ನೇ ಉದಾಹರಣೆಯಾಗಿ ಊಹಿಸಿಕೊಳ್ಳೋಣ. (ಇದು ಕೇವಲ ಊಹೆ. 1957ರ ನವೆಂಬರ್ 1ರಂದು ಸ್ಥಾಪನೆಯಾದ ಖಾದಿ ಸಂಘದ ನಿಜವಾದ ಲೆಕ್ಕ ವ್ಯವಸ್ಥೆಯ ಮಾತಲ್ಲ.) ರಾಷ್ಟ್ರಧ್ವಜಕ್ಕೆ ಒಂಬತ್ತು ನಿಗದಿತ ಅಳತೆಗಳಿವೆ. ಅತಿ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಮಿಲಿಮೀಟರ್ ಅಗಲ. ಅತಿ ಚಿಕ್ಕದು 150ಕ್ಕೆ 100. ಹಾಗಾಗಿ ಅಳತೆಗಳಿಗೆ ಒಂದು ಕೋಷ್ಟಕ. ಗ್ರಾಹಕರಿಗೆ ಒಂದು, ಬೇಡಿಕೆಗಳಿಗೆ ಒಂದು, ಬಟ್ಟೆ ಬರುವ ನೇಯ್ಗೆ ಕೇಂದ್ರಗಳಿಗೆ ಒಂದು, ರವಾನೆಗೆ ಒಂದು, ಹಣ ಪಾವತಿಗೆ ಒಂದು, ದೂರುಗಳಿಗೆ ಒಂದು. ಇವುಗಳಲ್ಲಿ 'ಬೆಂಗೇರಿ' ಎಂಬ ಪದ ಎಲ್ಲೆಲ್ಲಿ ಬಂದೀತು? ಗ್ರಾಹಕರ ವಿಳಾಸದಲ್ಲಿ ಬಂದೀತು. ರವಾನೆಯ 'ಎಲ್ಲಿಂದ' ಎಂಬ ಅಂಕಣದಲ್ಲಿ ಬಂದೀತು. ಯಾರೋ ಅವಸರದಲ್ಲಿ 'ಷರಾ' ಅಂಕಣದಲ್ಲಿ ಗೀಚಿದ ಟಿಪ್ಪಣಿಯಲ್ಲಿಯೂ ಬಂದೀತು. ಅಷ್ಟೇಕೆ, ಊರಿನ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಳ್ಳುವುದು ಉತ್ತರ ಕರ್ನಾಟಕದ ರೂಢಿಯಾದ್ದರಿಂದ ವ್ಯಕ್ತಿಯ ಹೆಸರಿನಲ್ಲಿಯೂ ಬಂದೀತು.

ಕಿಟಕಿಯಲ್ಲಿ ಕೂತವರ ಮುಂದಿರುವ ಪರದೆ ಸಾಮಾನ್ಯವಾಗಿ ಒಂದು ಕೋಷ್ಟಕದ ಒಂದು ಅಂಕಣದಲ್ಲಿ ಮಾತ್ರ ಹುಡುಕುತ್ತದೆ. ಬೇಕಾದ ಮಾತು ಪಕ್ಕದ ಕೋಷ್ಟಕದಲ್ಲಿದ್ದರೆ ಅದಕ್ಕೆ ಕಾಣದು. ಆಗ ನೆರವಿಗೆ ಬರುವುದೇ ಎಲ್ಲ ಕೋಷ್ಟಕಗಳನ್ನೂ ಒಮ್ಮೆಲೇ ಜಾಲಾಡುವ ತಂತ್ರಾಂಶಗಳು.

ಜಾಲಾಡುವ ತಂತ್ರಾಂಶ

ಇಂಥ ಸಾಧನಗಳಿಗೆ ಬರವಿಲ್ಲ, ಹಲವು ಉಚಿತವಾಗಿಯೇ ಸಿಗುತ್ತವೆ. ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ದತ್ತಸಂಚಯಗಳನ್ನು ಬಳಸುವವರಲ್ಲಿ ಪಿಎಚ್‌ಪಿಮೈಅಡ್ಮಿನ್ ಮನೆಮಾತು. ಅದರಲ್ಲಿ ದತ್ತಸಂಚಯವನ್ನು ತೆರೆದು ಮೇಲಿನ ಪಟ್ಟಿಯಲ್ಲಿರುವ 'ಸರ್ಚ್' ಒತ್ತಿದರೆ ಪದ ಬರೆಯಲು ಒಂದು ಪೆಟ್ಟಿಗೆ, ಕೆಳಗೆ ಎಲ್ಲ ಕೋಷ್ಟಕಗಳ ಪಟ್ಟಿ ಬರುತ್ತದೆ. ಬೇಕಾದವನ್ನು, ಅಥವಾ ಎಲ್ಲವನ್ನೂ ಆರಿಸಿಕೊಳ್ಳಬಹುದು. ಹೈಡಿಎಸ್‌ಕ್ಯೂಎಲ್ ಎಂಬ ಇನ್ನೊಂದು ತಂತ್ರಾಂಶದಲ್ಲಿ 'ಸರ್ವರ್‌ನಲ್ಲಿ ಪಠ್ಯ ಹುಡುಕು' ಎಂಬರ್ಥದ ಆಯ್ಕೆಯೇ ಇದೆ. ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್, ಡಿಬೀವರ್‌ಗಳಲ್ಲಿಯೂ ಇದೇ ಅನುಕೂಲವುಂಟು. ಫಲಿತಾಂಶವಾಗಿ ಯಾವ ಕೋಷ್ಟಕದಲ್ಲಿ ಎಷ್ಟು ಸಾಲುಗಳು ಸಿಕ್ಕವು ಎಂಬ ಪಟ್ಟಿ ದೊರೆಯುತ್ತದೆ.

ಒಳಗೆ ನಡೆಯುವುದು ಮಂತ್ರವಿದ್ಯೆಯೇನೂ ಅಲ್ಲ. ಪ್ರತಿ ದತ್ತಸಂಚಯವೂ ತನ್ನಲ್ಲಿರುವ ಕೋಷ್ಟಕಗಳು ಯಾವುವು, ಯಾವುದರಲ್ಲಿ ಯಾವ ಅಂಕಣಗಳಿವೆ, ಯಾವ ಅಂಕಣದಲ್ಲಿರುವುದು ಪಠ್ಯ, ಯಾವುದರಲ್ಲಿರುವುದು ಸಂಖ್ಯೆ ಎಂಬ ಒಂದು ಸೂಚಿಯನ್ನು ತಾನೇ ಇಟ್ಟುಕೊಂಡಿರುತ್ತದೆ. ತಂತ್ರಾಂಶ ಮೊದಲು ಈ ಸೂಚಿಯನ್ನು ಓದುತ್ತದೆ. ಬಳಿಕ ಪಠ್ಯವಿರುವ ಒಂದೊಂದು ಅಂಕಣಕ್ಕೂ 'ಲೈಕ್' ಎಂಬ ಆದೇಶವನ್ನು ಕಟ್ಟುತ್ತದೆ. ಹುಡುಕುವ ಪದದ ಹಿಂದೆ ಒಂದು, ಮುಂದೆ ಒಂದು ಶೇಕಡಾ ಚಿಹ್ನೆ ಇಟ್ಟರೆ 'ಇದರ ಆಚೆ ಈಚೆ ಏನಾದರೂ ಇರಲಿ' ಎಂದರ್ಥ. ಇನ್ನೂರು ಅಂಕಣಗಳಿದ್ದರೆ ಇನ್ನೂರು ಬಾರಿ ಇದೇ ಪ್ರಶ್ನೆ. ಕಡತಗಳ ಕೋಣೆಯಲ್ಲಿ ಗುಮಾಸ್ತನೊಬ್ಬ ಒಂದೊಂದೇ ಕಟ್ಟು ಬಿಚ್ಚಿ ಪುಟ ತಿರುವಿ ಕಟ್ಟಿ ಇಡುವಂತೆಯೇ ಇದು, ವೇಗವೊಂದು ಹೆಚ್ಚು.

ಕನ್ನಡದ ಮಟ್ಟಿಗೆ ಈ ಶೇಕಡಾ ಚಿಹ್ನೆ ಒಂದು ವರವೆಂದೇ ಹೇಳಬೇಕು. ನಮ್ಮಲ್ಲಿ ಊರಿನ ಹೆಸರು ಬೆತ್ತಲೆಯಾಗಿ ನಿಲ್ಲುವುದು ಅಪರೂಪ. ಬೆಂಗೇರಿಯಲ್ಲಿ, ಬೆಂಗೇರಿಗೆ, ಬೆಂಗೇರಿಯಿಂದ ಎಂದು ವಿಭಕ್ತಿ ಅಂಟಿಕೊಂಡೇ ಬರುತ್ತದೆ. ಇಡೀ ಪದಗಳನ್ನಷ್ಟೇ ಹೋಲಿಸುವ ಪದಸೂಚಿ ಬಗೆಯ ಹುಡುಕಾಟಕ್ಕೆ ಇವೆಲ್ಲ ಬೇರೆ ಬೇರೆ ಪದಗಳು. ಶೇಕಡಾ ಚಿಹ್ನೆಯ ಹುಡುಕಾಟ ಇವೆಲ್ಲವನ್ನೂ ಹಿಡಿಯುತ್ತದೆ. ಉಕಾರದಲ್ಲಿ ಮುಗಿಯುವ ಹೆಸರುಗಳಲ್ಲಿ ಮಾತ್ರ ಸ್ವಲ್ಪ ಜಾಣತನ ಬೇಕು. 'ಬೆಂಗಳೂರು' ಎಂದು ಹುಡುಕಿದರೆ 'ಬೆಂಗಳೂರಿನ' ಸಿಗದು, ಏಕೆಂದರೆ ಕೊನೆಯ ಉಕಾರ ಅಲ್ಲಿ ಬಿದ್ದುಹೋಗಿದೆ. 'ಬೆಂಗಳೂರ' ಎಂದು ಹುಡುಕಿದರೆ ಎರಡೂ ಸಿಗುತ್ತವೆ. 'ರು'ವಿನಲ್ಲಿಯೂ 'ರಿ'ಯಲ್ಲಿಯೂ ಮೊದಲ ಅಂಕೆ 'ರ'ದ್ದೇ ಆಗಿರುವುದು ಇದರ ಗುಟ್ಟು. ಶಾಲೆಯಲ್ಲಿ ಕಲಿತ ಸಂಧಿಪ್ರಕರಣ ಇಲ್ಲಿ ಕೆಲಸಕ್ಕೆ ಬಂತೆನ್ನಿ.

ಅದೇ ಶೇಕಡಾ ಚಿಹ್ನೆ ಅತಿಯಾದರೆ ಗೊಂದಲ. ಅನುಸ್ವಾರದ ರಗಳೆ ಬೇಡವೆಂದು 'ಗೇರಿ' ಎಂದಷ್ಟೇ ಹುಡುಕಿದರೆ ಬೆಂಗೇರಿಯೊಂದಿಗೆ ಗದಗದ ಜೋಡಿ ಊರು ಬೆಟಗೇರಿಯೂ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯೂ ಬರುತ್ತವೆ. ಅದರ ಜೊತೆಗೆ 'ಆನಂದಕಂದ' ಕಾವ್ಯನಾಮದ ಬೆಟಗೇರಿ ಕೃಷ್ಣಶರ್ಮರೂ ಬಂದಾರು, ಅವರ ಬೆಟಗೇರಿಯಾದರೋ ಬೆಳಗಾವಿ ಜಿಲ್ಲೆಯದು, ಗದಗಿನದಲ್ಲ. ಹಾಗಾಗಿ ಸಿಕ್ಕ ಸಾಲುಗಳನ್ನು ಕಣ್ಣಿನಿಂದ ನೋಡಿ ಆರಿಸುವ ಕೆಲಸ ಮನುಷ್ಯನಿಗೇ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿಗೆ ಬಂದದ್ದನ್ನು ತಳ್ಳಿಹಾಕುವುದು ಬಾರದೇ ಉಳಿದದ್ದನ್ನು ಊಹಿಸುವುದಕ್ಕಿಂತ ಎಷ್ಟೋ ಸುಲಭ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡಬೇಕು. ಮೊದಲಿಗೆ ಶೇಕಡಾ ಚಿಹ್ನೆ ಇದ್ದಾಗ ದತ್ತಸಂಚಯದ ಒಳಸೂಚಿಗಳು ಉಪಯೋಗಕ್ಕೆ ಬಾರವು. ಪ್ರತಿ ಸಾಲನ್ನೂ ಓದಲೇಬೇಕು. ಲಕ್ಷಾಂತರ ಸಾಲುಗಳ ಕೋಷ್ಟಕಗಳ ಮೇಲೆ, ಮಧ್ಯಾಹ್ನದ ಜನಜಂಗುಳಿಯ ಹೊತ್ತಿನಲ್ಲಿ ಇಂಥ ಹುಡುಕಾಟ ಹಚ್ಚಿದರೆ 'ಸರ್ವರ್ ಡೌನ್' ಎಂಬ ಫಲಕಕ್ಕೆ ನಾವೇ ಕಾರಣರಾದೇವು. ನಕಲು ಪ್ರತಿಯೊಂದರ ಮೇಲೆ ಹುಡುಕುವುದು ವಿವೇಕ. ಎರಡನೆಯದಾಗಿ, ಪಿಎಚ್‌ಪಿಮೈಅಡ್ಮಿನ್‌ನ ಫಲಿತಾಂಶಪಟ್ಟಿಯಲ್ಲಿ 'ನೋಡು' ಎಂಬ ಕೊಂಡಿಯ ಪಕ್ಕದಲ್ಲಿಯೇ 'ಅಳಿಸು' ಎಂಬ ಕೊಂಡಿಯೂ ಇರುತ್ತದೆ. ಹುಡುಕಲು ಹೋದವರಿಗೆ ಓದುವ ಅಧಿಕಾರ ಮಾತ್ರವಿರುವ ಖಾತೆಯನ್ನೇ ಕೊಡುವುದು ಒಳ್ಳೆಯದು.

ಪ್ರಶ್ನಾರ್ಥಕ ಚಿಹ್ನೆಗಳ ಸಾಲು

ಸರ್ಕಾರಿ ಕಚೇರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕನ್ನಡಿಗರನ್ನು ಕಾಡುವ ಇನ್ನೊಂದು ಪ್ರಕರಣವಿದೆ. ಅಲ್ಲಿ ಪಠ್ಯದ ಅಂಕಣಗಳಲ್ಲಿ ಎರಡು ಜಾತಿ. ಹಳೆಯ 'ವಾರ್‌ಚಾರ್' ಜಾತಿಯ ಅಂಕಣ ಇಂಗ್ಲಿಷಿನಂಥ ಕೆಲವು ಭಾಷೆಗಳಿಗೆ ಸಾಕು, ಕನ್ನಡವನ್ನು ಹಿಡಿದಿಡಲಾರದು. ಕನ್ನಡಕ್ಕೆ 'ಎನ್‌ವಾರ್‌ಚಾರ್' ಬೇಕು. 2019ರ ಆವೃತ್ತಿಯಿಂದ ಯುಟಿಎಫ್-8 ವ್ಯವಸ್ಥೆ ಬಂದಮೇಲೆ ಪರಿಸ್ಥಿತಿ ಸುಧಾರಿಸಿದೆಯಾದರೂ ಅದಕ್ಕೂ ಮೊದಲು ಕಟ್ಟಿದ ದತ್ತಸಂಚಯಗಳೇ ಹೆಚ್ಚು. ಅಂಕಣ ಸರಿಯಿದ್ದರೂ, ಆದೇಶ ಬರೆಯುವಾಗ ಕನ್ನಡ ಪದದ ಉದ್ಧರಣ ಚಿಹ್ನೆಯ ಹಿಂದೆ ದೊಡ್ಡಕ್ಷರದ 'ಎನ್' ಹಾಕಲು ಮರೆತರೆ ಪದ ದಾರಿಯಲ್ಲಿಯೇ ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾರ್ಪಡುತ್ತದೆ. ಬೆಂಗೇರಿ ಹುಡುಕಿಕೊಂಡು ಹೋದವರು ಏಳು ಪ್ರಶ್ನಾರ್ಥಕಗಳನ್ನು ಹುಡುಕುತ್ತಿರುತ್ತಾರೆ. ತಮಾಷೆಯೆಂದರೆ, ಹಿಂದೊಮ್ಮೆ ಇದೇ ತಪ್ಪಿನಿಂದ ಕನ್ನಡ ಕಳೆದುಕೊಂಡ ಸಾಲುಗಳು ಆ ಕೋಷ್ಟಕದಲ್ಲಿದ್ದರೆ ಅವು ಮಾತ್ರ ನಿಷ್ಠೆಯಿಂದ ಎದ್ದು ಬರುತ್ತವೆ!

ಹೀಗೆ ಪ್ರಶ್ನಾರ್ಥಕವಾದ ಪಠ್ಯ ಮರಳಿ ಬಾರದು. ಮೂಲ ಅಂಕೆಗಳೇ ಅಳಿದುಹೋಗಿರುತ್ತವೆ, ಕಾಗದದ ಪ್ರತಿ ಹುಡುಕಿ ಮತ್ತೆ ದಾಖಲಿಸಬೇಕು. ಇದಕ್ಕೆ ಹೋಲಿಸಿದರೆ ಮೈಎಸ್‌ಕ್ಯೂಎಲ್‌ನ ಹಳೆಯ ಆವೃತ್ತಿಗಳ ಕಾಟ ವಾಸಿ. 2018ರಲ್ಲಿ 8ನೇ ಆವೃತ್ತಿ ಬರುವವರೆಗೆ ಅದರ ಮೂಲ ಅಕ್ಷರಪದ್ಧತಿ ಪಶ್ಚಿಮ ಯೂರೋಪಿನ ಭಾಷೆಗಳದ್ದಾಗಿತ್ತು. ಅದನ್ನು ಬದಲಿಸದೆ ತುಂಬಿದ ಕನ್ನಡ ಕೆಲವೊಮ್ಮೆ ತಲೆಯ ಮೇಲೆ ಗೀಟುಳ್ಳ 'ಎ' ಅಕ್ಷರಗಳ ಮೆರವಣಿಗೆಯಂತೆ ಕಾಣುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು, ಆ ಮೂರನ್ನೂ ಮೂರು ಬೇರೆ ಅಕ್ಷರಗಳೆಂದು ಓದಿಕೊಂಡದ್ದರ ಫಲವಿದು. ನೋಡಲು ವಿಕಾರವಾದರೂ ಬೈಟುಗಳು ಉಳಿದಿರುವ ಕಾರಣ ತಿಳಿದವರು ಸರಿಪಡಿಸಬಲ್ಲರು. ಸರಿಪಡಿಸುವವರೆಗೆ ಯಾವ ಹುಡುಕಾಟದಲ್ಲಿಯೂ ಅದು ಕನ್ನಡವಾಗಿ ಸಿಗುವುದಿಲ್ಲ ಎಂಬುದು ಬೇರೆ ಮಾತು.

ನುಡಿಯ ಕಾಲದ ಕಡತಗಳು

ಕರ್ನಾಟಕದಲ್ಲಿ ದಾಖಲೆಗಳ ಗಣಕೀಕರಣ ಭರದಿಂದ ಸಾಗಿದ್ದು ಯೂನಿಕೋಡ್ ಕನ್ನಡ ಬಳಕೆಗೆ ಬರುವುದಕ್ಕಿಂತ ಮೊದಲು. ಕಂದಾಯ ಇಲಾಖೆಯ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು 2000ದ ದಶಕದ ಆರಂಭದಲ್ಲಿಯೇ ಗಣಕಕ್ಕೆ ಏರಿಸಲಾಯಿತು. ಅದೇ ಸುಮಾರಿಗೆ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಸರ್ಕಾರಿ ಕಚೇರಿಗಳನ್ನು ಪ್ರವೇಶಿಸಿತು. 1998ರಲ್ಲಿ ಬಂದ ಶೇಷಾದ್ರಿವಾಸು ಅವರ 'ಬರಹ' ಮನೆಮನೆಗಳನ್ನು ತಲುಪಿತ್ತು. ಕನ್ನಡಕ್ಕೆ ಇವು ಮಾಡಿದ ಉಪಕಾರ ದೊಡ್ಡದು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ತಳಹದಿ ಇಲ್ಲದಿದ್ದರೆ ಗುಮಾಸ್ತರು ಕನ್ನಡದಲ್ಲಿ ಬೆರಳಚ್ಚಿಸುವುದನ್ನು ಇಷ್ಟು ಬೇಗ ಕಲಿಯುತ್ತಿರಲಿಲ್ಲ.

ಆದರೆ ಆ ಕಾಲದ ಅಕ್ಷರವಿನ್ಯಾಸಗಳು ಒಂದು ವೇಷದ ಮೇಲೆ ನಿಂತಿದ್ದವು. ನುಡಿಯ ಹಳೆಯ ಪದ್ಧತಿಯಲ್ಲಿ 'ಕ' ಎಂದು ಪರದೆಯ ಮೇಲೆ ಕಾಣುವುದು ಒಳಗೆ ಇಂಗ್ಲಿಷಿನ ದೊಡ್ಡಕ್ಷರ 'ಪಿ' ಮತ್ತು ಗೀಟುಳ್ಳ 'ಎ' ಅಕ್ಷರಗಳ ಜೋಡಿ. ಅಕ್ಷರವಿನ್ಯಾಸ ಬದಲಿಸಿದರೆ ಇಡೀ ಕಡತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂಥ ಕೋಷ್ಟಕದಲ್ಲಿ ಯೂನಿಕೋಡಿನ 'ಬೆಂಗೇರಿ' ಹುಡುಕಿದರೆ ಅದು ಹೇಗೆ ಸಿಕ್ಕೀತು? ಹಳೆಯ ಕೋಷ್ಟಕಗಳು ನುಡಿಯಲ್ಲಿ, ಹೊಸವು ಯೂನಿಕೋಡಿನಲ್ಲಿ ಇರುವ ದತ್ತಸಂಚಯದಲ್ಲಿ ಎರಡು ಬಾರಿ ಹುಡುಕಲೇಬೇಕು. ಪದವನ್ನು ಪರಿವರ್ತಕದಲ್ಲಿ ಹಾಕಿ ನುಡಿಯ ರೂಪ ಪಡೆದು ಅದನ್ನೂ ಹುಡುಕಾಟದ ಪೆಟ್ಟಿಗೆಗೆ ಅಂಟಿಸಬೇಕು. ಅಲ್ಲಿಯೂ ಒಂದು ಸಿಕ್ಕು: ಹೆಚ್ಚಿನ ತಂತ್ರಾಂಶಗಳು ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಒಂದೇ ಎಂದು ಎಣಿಸಿ ಹುಡುಕುತ್ತವೆ. ಇಂಗ್ಲಿಷಿಗೆ ಅದು ಅನುಕೂಲ. ನುಡಿಯ ಪಠ್ಯದಲ್ಲಿ ದೊಡ್ಡ 'ಪಿ' ಒಂದು ಕನ್ನಡ ಅಕ್ಷರದ ಭಾಗ, ಸಣ್ಣ 'ಪಿ' ಇನ್ನೊಂದರ ಭಾಗ. ಆಗ ಸಂಬಂಧವೇ ಇಲ್ಲದ ಹೆಸರುಗಳೂ ಫಲಿತಾಂಶದಲ್ಲಿ ಸೇರಿಕೊಳ್ಳುತ್ತವೆ. ಇಂಥಲ್ಲಿ ಅಕ್ಷರಭೇದ ಗಮನಿಸುವ ಆಯ್ಕೆಯನ್ನು ಒತ್ತುವುದು ಕಡ್ಡಾಯ.

ಈರಪ್ಪನೋ, ವೀರಪ್ಪನೋ?

ಇಷ್ಟೆಲ್ಲ ಸರಿಪಡಿಸಿದ ಮೇಲೂ ಯಂತ್ರದ ದೋಷವಲ್ಲದ ಒಂದು ತೊಡಕು ಉಳಿಯುತ್ತದೆ. ಉತಾರದಲ್ಲಿ ವೀರಪ್ಪ ಎಂದಿರುವವರು ಮನೆಯಲ್ಲಿ ಈರಪ್ಪ. ಯಲ್ಲಪ್ಪ ಒಂದೆಡೆ, ಎಲ್ಲಪ್ಪ ಇನ್ನೊಂದೆಡೆ. ಫಕ್ಕೀರಪ್ಪನವರಂತೂ ಫಕೀರಪ್ಪ, ಪಕ್ಕೀರಪ್ಪ ಎಂದು ನಾಲ್ಕಾರು ರೂಪಗಳಲ್ಲಿ ದರ್ಶನ ಕೊಡುತ್ತಾರೆ. ತಲಾಠಿಯ ಕೈಬರಹದಿಂದ ಗಣಕಕ್ಕೆ, ಅಲ್ಲಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ಹೋಗಿ ಬಂದ ಹೆಸರು ಮೂಲದ ಹೆಸರನ್ನು ಹೋಲಿದರೆ ಅದೇ ಆಶ್ಚರ್ಯ. ವರ್ಷಕ್ಕೆ 6,000 ರೂಪಾಯಿ ನೀಡುವ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ಯೋಜನೆ 2019ರಲ್ಲಿ ಆರಂಭವಾದಂದಿನಿಂದ ಆಧಾರ್‌ನ ಹೆಸರೂ ಪಹಣಿಯ ಹೆಸರೂ ಹೊಂದಿಕೆಯಾಗದ ಸಂಕಟ ಹಳ್ಳಿಗಳಲ್ಲಿ ಚಿರಪರಿಚಿತ.

ಅಮೆರಿಕದಲ್ಲಿ ಈ ಸಮಸ್ಯೆಗೆ ನೂರು ವರ್ಷಗಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದರು. 1918ರಲ್ಲಿ ಪೇಟೆಂಟ್ ಪಡೆದ 'ಸೌಂಡೆಕ್ಸ್' ಪದ್ಧತಿ ಉಚ್ಚಾರಣೆಯಲ್ಲಿ ಹತ್ತಿರವಿರುವ ಹೆಸರುಗಳಿಗೆ ಒಂದೇ ಸಂಕೇತ ನೀಡುತ್ತದೆ. ಜನಗಣತಿಯ ಕಾರ್ಡುಗಳನ್ನು ಹಾಗೆ ಜೋಡಿಸಿಟ್ಟಿದ್ದರು. ಇಂದಿನ ಹಲವು ದತ್ತಸಂಚಯಗಳಲ್ಲಿ ಅದು ಸಿದ್ಧರೂಪದಲ್ಲಿಯೇ ಇದ್ದರೂ ಅದರ ಲೆಕ್ಕ ಇಂಗ್ಲಿಷ್ ಅಕ್ಷರಗಳದ್ದು. ಕನ್ನಡ ಲಿಪಿಗೆ ಅದು ನಿರುಪಯೋಗಿ. ಭಾರತೀಯ ಲಿಪಿಗಳಿಗೆ ಹೊಂದುವ ಸೌಂಡೆಕ್ಸನ್ನು ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರು ರೂಪಿಸಿ ಮುಕ್ತವಾಗಿ ಹಂಚಿದ್ದಾರೆ. ಅದಿಲ್ಲದಿದ್ದರೂ ಅಲ್ಪಪ್ರಾಣ-ಮಹಾಪ್ರಾಣ ಭೇದ ಅಳಿಸಿ, ಒತ್ತಕ್ಷರದ ದ್ವಿತ್ವ ಬಿಟ್ಟು, ಪದಾದಿಯ ವಿ-ಈ, ಯ-ಎಗಳನ್ನು ಒಂದಾಗಿಸಿದ 'ಹುಡುಕಾಟದ ಹೆಸರು' ಎಂಬ ಇನ್ನೊಂದು ಅಂಕಣವನ್ನು ಕೋಷ್ಟಕಕ್ಕೆ ಸೇರಿಸುವುದು ಅಂಥ ದೊಡ್ಡ ಕೆಲಸವಲ್ಲ. ಮೂಲ ಹೆಸರನ್ನು ಮುಟ್ಟಬೇಕಿಲ್ಲ, ಪಕ್ಕದಲ್ಲಿ ಅದರ ಸರಳರೂಪವಿದ್ದರೆ ಸಾಕು.

ಊರುಗಳದ್ದೂ ಇದೇ ಕಥೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಕನ್ನಡದಲ್ಲಿ ಮೊದಲೇ ಹುಬ್ಬಳ್ಳಿಯಾಗಿದ್ದದ್ದು ಇಂಗ್ಲಿಷಿನ ಕಾಗುಣಿತದಲ್ಲಿಯೂ 'ಹುಬ್ಲಿ' ಹೋಗಿ ಹುಬ್ಬಳ್ಳಿಯಾಯಿತು. ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಅದಕ್ಕೆ ಹಿಂದಿನ ಕೋಷ್ಟಕಗಳು ಹಳೆಯ ಹೆಸರಿನಲ್ಲಿಯೇ ಉಳಿದಿರುವುದು ಸಹಜ. ರೈಲ್ವೆಯವರು ಈ ವಿಷಯದಲ್ಲಿ ಜಾಣರು. ನಿಲ್ದಾಣದ ಹೆಸರು ಹುಬ್ಲಿಯಿಂದ ಹುಬ್ಬಳ್ಳಿಯಾಗಿ, 2020ರಲ್ಲಿ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರನ್ನು ಪಡೆದರೂ ಅದರ ಸಂಕೇತ 'ಯುಬಿಎಲ್' ಹಾಗೆಯೇ ಇದೆ. ಹೆಸರು ಬದಲಾದೀತು, ಸಂಕೇತ ಬದಲಾಗದು ಎಂಬ ಈ ನಡೆ ಕಾಡ್ ಅವರ ಮಾದರಿಗೆ ಒಪ್ಪುವಂಥದು.

ಕಿಟಕಿಯ ಈಚೆ, ಕಿಟಕಿಯ ಆಚೆ

ಕಿಟಕಿಯ ಈಚೆ ನಿಂತವರೂ ಇದರಿಂದ ಕಲಿಯಬಹುದಾದದ್ದುಂಟು. ಹೆಸರಿನಿಂದ ಸಿಗದಿದ್ದರೆ ಸಂಖ್ಯೆಯಿಂದ ಹುಡುಕಲು ಕೇಳಬೇಕು. ಉತಾರಕ್ಕೆ ಸರ್ವೆ ನಂಬರು ಮತ್ತು ಹಿಸ್ಸಾ, ಆಸ್ತಿಗೆ ಸಿ.ಟಿ.ಎಸ್. ಸಂಖ್ಯೆ, ಪಿಂಚಣಿಗೆ ಮಂಜೂರಾತಿ ಸಂಖ್ಯೆ. ಅಂಕಿಗಳಿಗೆ ಏತ್ವ, ಅನುಸ್ವಾರಗಳ ಹಂಗಿಲ್ಲ. ಕನ್ನಡ ಅಂಕಿ, ಇಂಗ್ಲಿಷ್ ಅಂಕಿಗಳಿಗೆ ಸಂಕೇತ ಬೇರೆ ಬೇರೆ ಎಂಬುದನ್ನು ಮಾತ್ರ ನೆನಪಿಡಬೇಕು, ಎರಡರಲ್ಲಿಯೂ ನೋಡಿಸಬೇಕು. ಅಷ್ಟಾದ ಮೇಲೂ 'ಇಲ್ಲ' ಎಂದರೆ ಆ ಉತ್ತರವನ್ನು ಲಿಖಿತವಾಗಿ ಪಡೆಯುವುದು ಒಳಿತು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 'ದಾಖಲೆ ಲಭ್ಯವಿಲ್ಲ' ಎಂಬ ಉತ್ತರ ಬಂದಾಗ ಯಾವ ಕಡತಗಳಲ್ಲಿ, ಯಾವ ಹೆಸರಿನಿಂದ ಹುಡುಕಲಾಯಿತು ಎಂಬುದನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಲು ಅಡ್ಡಿಯಿಲ್ಲ.

ಆಚೆ ಕೂತವರು, ಅಂದರೆ ಕಚೇರಿಯ ಗಣಕ ವಿಭಾಗದವರು, ಎಲ್ಲ ಕೋಷ್ಟಕಗಳನ್ನೂ ಜಾಲಾಡುವ ಸಾಧನವನ್ನು ಎಲ್ಲರ ಕೈಗೂ ಕೊಡುವಂತಿಲ್ಲ. ಒಂದು ಹೆಸರು ಬರೆದರೆ ಆ ವ್ಯಕ್ತಿಯ ಜಮೀನು, ಸಾಲ, ದೂರು, ದೂರವಾಣಿ ಸಂಖ್ಯೆಗಳೆಲ್ಲ ಒಮ್ಮೆಲೇ ಎದುರಿಗೆ ಬರುವ ಸಾಧನವದು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದ ಮೇಲಂತೂ ಯಾರು, ಯಾವಾಗ, ಏನನ್ನು ಹುಡುಕಿದರು ಎಂಬ ದಿನಚರಿ ಇಡುವುದು ಕ್ಷೇಮಕರ.

ಅವರು ಈ ವಾರವೇ ಮಾಡಬಹುದಾದ ಕೆಲಸವೊಂದಿದೆ. ಸೊನ್ನೆಯ ವೇಷದಲ್ಲಿರುವ ಅನುಸ್ವಾರಗಳು ತಮ್ಮಲ್ಲಿ ಎಷ್ಟಿವೆ ಎಂದು ಎಣಿಸುವುದು. 3302ರ ಬೆನ್ನಿಗೇ ಕನ್ನಡ ಅಕ್ಷರ ಬಂದಿರುವ ಸಾಲುಗಳನ್ನು ಹುಡುಕಿ, ನಕಲು ಪ್ರತಿ ಇಟ್ಟುಕೊಂಡು, ಒಂದೇ ಆದೇಶದಲ್ಲಿ 3202 ಆಗಿ ಬದಲಿಸಿಬಿಡಬಹುದು ಎಂದು ಅನ್ನಿಸುತ್ತದೆ. ಹಾಗೆ ಮಾಡಬಾರದು. ಸರ್ವೆ ಹಿಸ್ಸಾಗಳನ್ನು '೧೦ಅ', '೨೦ಬ' ಎಂದು ಕನ್ನಡ ಅಂಕಿಯಲ್ಲಿ ಬರೆಯುವ ಪದ್ಧತಿಯುಂಟು. ಅಲ್ಲಿನ ಸೊನ್ನೆ ನಿಜವಾದ ಸೊನ್ನೆ, ಅದು ಅನುಸ್ವಾರವಾದರೆ ಹತ್ತನೆಯ ನಂಬರಿನ ಹೊಲ ಒಂದನೆಯದಾಗಿ ಬಿಟ್ಟೀತು. ಸೊನ್ನೆಯ ಮುಂದೆ ಏನಿದೆ ಎಂಬುದಕ್ಕಿಂತ ಹಿಂದೆ ಏನಿದೆ ಎಂದು ನೋಡಬೇಕು. ಹಿಂದೆ ಅಂಕಿಯಿದ್ದರೆ ಬಿಡಬೇಕು, ಅಕ್ಷರವೋ ಗುಣಿತ ಚಿಹ್ನೆಯೋ ಇದ್ದರೆ ಮಾತ್ರ ತಿದ್ದಬೇಕು. 'ಬೆ೦ಗೇರಿ'ಯ ಸೊನ್ನೆಯ ಹಿಂದೆ ಇರುವುದು ಎತ್ವದ ಚಿಹ್ನೆ, 3270.